ನೋಟದ ಋಣ

ಪರರ ಸಂಕಟವನ್ನು ಕಣ್ಣಾರೆ ಕಂಡವನು ಕಂಡಷ್ಟರಿಂದಲೇ ಒಂದು ಋಣಕ್ಕೆ ಒಳಗಾಗುತ್ತಾನೆಂಬುದು ನಮ್ಮ ಹಿರಿಯರು ಬಾಯಿಬಿಟ್ಟು ಬೋಧಿಸದಿದ್ದರೂ ನಡೆದು ತೋರಿಸಿದ ನೀತಿ. ಊರಿನಲ್ಲೊಬ್ಬನ ಹುಲ್ಲಿನ ಬಣವೆಗೆ ಬೆಂಕಿ ತಗುಲಿದರೆ ಕಂಡವನು ಕೊಡ ಹಿಡಿದು ಓಡಬೇಕು. ಹೊಳೆಯಲ್ಲಿ ಕೊಚ್ಚಿಹೋಗುತ್ತಿರುವವನನ್ನು ಕಂಡವನು ಈಜು ಬಾರದಿದ್ದರೆ ಕೂಗಿಯಾದರೂ ನಾಲ್ವರನ್ನು ಸೇರಿಸಬೇಕು. ಕಂಡೂ ಕಾಣದಂತೆ ಹೋದವನನ್ನು ಊರು ಬಹುಕಾಲ ಮರೆಯುತ್ತಿರಲಿಲ್ಲ. ಈ ನೀತಿ ರೂಪುಗೊಂಡ ಕಾಲದಲ್ಲಿ ಕಣ್ಣಿಗೆ ಎಟುಕುವುದೂ ಕೈಗೆ ಎಟುಕುವುದೂ ಹೆಚ್ಚುಕಡಿಮೆ ಒಂದೇ ಅಳತೆಯವಾಗಿದ್ದುವು. ಈಗ ಕಣ್ಣು ಸಮುದ್ರಗಳಾಚೆಗೂ ಹರಿಯುತ್ತದೆ, ಕೈ ಮಾತ್ರ ಇದ್ದಲ್ಲಿಯೇ ಉಳಿದಿದೆ. ಎಲ್ಲಿಯೋ ನಡೆಯುತ್ತಿರುವ ಪ್ರಳಯವನ್ನು ಅದು ನಡೆಯುತ್ತಿರುವ ಗಳಿಗೆಯಲ್ಲಿಯೇ ಮನೆಯಲ್ಲಿ ಕುಳಿತು ನೋಡಬಲ್ಲ ನಾವು, ಆ ನೋಟದಿಂದ ಹುಟ್ಟುವ ಋಣವನ್ನು ಯಾರಿಗೆ, ಎಲ್ಲಿ, ಯಾವ ಬಗೆಯಿಂದ ಸಲ್ಲಿಸಬೇಕೆಂಬುದನ್ನು ಇನ್ನೂ ಕಲಿತಂತೆ ತೋರುವುದಿಲ್ಲ.

1924ರ ಜುಲೈ ತಿಂಗಳಿನಲ್ಲಿ ಪಶ್ಚಿಮ ಘಟ್ಟದ ಎರಡು ಮಗ್ಗುಲುಗಳಿಗೂ ಸುರಿದ ಮಹಾವೃಷ್ಟಿಯಿಂದ ಇತ್ತ ಕಾವೇರಿ ಭೀಕರವಾಗಿ ಉಕ್ಕಿ ಹರಿಯಿತು, ಅತ್ತ ಮಲೆಯಾಳ ಸೀಮೆ ಮುಳುಗಿತು. ಅದು ಕೊಲ್ಲಂ ಶಕೆಯ 1099ನೆಯ ವರ್ಷವಾಗಿದ್ದುದರಿಂದ ಅಲ್ಲಿಯ ಜನ ಅದನ್ನು ಇಂದಿಗೂ ತೊಂಬತ್ತೊಂಬತ್ತರ ಪ್ರವಾಹವೆಂದೇ ನೆನೆಯುತ್ತಾರೆ. ಅಂತಹ ಸುದ್ದಿ ಆ ಕಾಲದಲ್ಲಿ ತಂತಿ, ಅಂಚೆ, ಪತ್ರಿಕೆಗಳ ದಾರಿ ಹಿಡಿದು ನಮ್ಮ ಹೇಮಾವತಿ ನದಿಯ ದಂಡೆಯ ಊರುಗಳನ್ನು ಮುಟ್ಟುವಷ್ಟರಲ್ಲಿ ಆಗಬೇಕಾದುದು ಆಗಿಹೋಗಿರುತ್ತಿತ್ತು. ಓದಿದವನಿಗೆ ಉಳಿಯುತ್ತಿದ್ದುದು ಮರುಕ ಮತ್ತು ಚಂದಾಪಟ್ಟಿ, ಇವೆರಡೇ. ಮುಂದೇನಾದೀತೋ ಎಂಬ ಕುತೂಹಲಕ್ಕೆ ಅಲ್ಲಿ ಎಡೆಯಿರಲಿಲ್ಲ. ನೇರಪ್ರಸಾರ ತಂದ ಮಾರ್ಪಾಡು ಇದೇ. ಅಂತ್ಯವು ಇನ್ನೂ ತಿಳಿಯದಿರುವ ದುರಂತವನ್ನು ಅದು ನಮ್ಮ ಮುಂದಿಡುತ್ತದೆ. ಕರುಣೆಯೊಡನೆ ಕುತೂಹಲವನ್ನು ಬೆರೆಸಿ ಕುಡಿಸುತ್ತದೆ. ಯಾವುದು ಎಷ್ಟು ಪಾಲು ಬೆರೆತಿದೆಯೆಂಬುದನ್ನು ಕುಡಿದವನೂ ಹೇಳಲಾರ.

2011ರ ಮಾರ್ಚ್ 11ರಂದು ಜಪಾನಿನ ಸೆಂಡೈ ನಗರದ ಬಳಿಯ ನತೋರಿಯ ಹೊಲಗದ್ದೆಗಳ ಮೇಲೆ ಸುನಾಮಿಯ ಕಪ್ಪು ಅಲೆ ಹರಡಿಕೊಂಡು ಬರುತ್ತಿದ್ದುದನ್ನು ಅಲ್ಲಿಯ ಎನ್‌ಎಚ್‌ಕೆ ಸಂಸ್ಥೆಯ ಹೆಲಿಕಾಪ್ಟರ್ ಮೇಲಿನಿಂದ ತೋರಿಸಿತು. ಲೋಕವೆಲ್ಲ ನೋಡುತ್ತಿತ್ತು. ಅಲೆಯ ಮುಂದಿನ ರಸ್ತೆಯಲ್ಲಿ ಕಾರುಗಳು ಹೋಗುತ್ತಿದ್ದುವು; ಮೇಲಿನಿಂದ ನೋಡುವವನಿಗೆ ಅಲೆಯೂ ಕಾಣುತ್ತಿತ್ತು, ಕಾರೂ ಕಾಣುತ್ತಿತ್ತು, ಅವೆರಡರ ನಡುವೆ ಕುಗ್ಗುತ್ತಿದ್ದ ಅಂತರವೂ ಕಾಣುತ್ತಿತ್ತು; ಕಾರಿನೊಳಗಿದ್ದವನಿಗೆ ಮಾತ್ರ ಅದೊಂದೂ ಕಾಣುತ್ತಿರಲಿಲ್ಲ. ಪರರ ಮೃತ್ಯುವನ್ನು ಅವರಿಗಿಂತ ಮೊದಲೇ ಅರಿತೂ ತಿಳಿಸಲಾರದ ಸ್ಥಿತಿಗಿಂತ ಅಸಹಾಯವಾದ ಸ್ಥಿತಿ ಮನುಷ್ಯನಿಗೆ ಇನ್ನೊಂದಿದೆಯೆ? ಈ ನಿರುಪಯುಕ್ತವಾದ ಜ್ಞಾನದ ಭಾರವನ್ನು ತಾಳಲಾರದೆಯೇ ನೋಡುವವರು ಏನೇನೋ ಪ್ರತಿಕ್ರಿಯೆಗಳಲ್ಲಿ ಅದನ್ನು ಇಳಿಸಿಕೊಳ್ಳುತ್ತಾರೆ: ಒಬ್ಬನು ಅಳುತ್ತಾನೆ, ಒಬ್ಬನು ಬೈಯುತ್ತಾನೆ, ಒಬ್ಬನು ಪಾಪಪುಣ್ಯದ ಲೆಕ್ಕ ತೆಗೆಯುತ್ತಾನೆ, ಒಬ್ಬನು ಆ ಚಿತ್ರವನ್ನೇ ನೂರು ಜನಕ್ಕೆ ಕಳುಹಿಸಿ ತನ್ನ ಪಾಲಿನ ಕೆಲಸ ಮುಗಿಯಿತೆಂದು ಮಲಗುತ್ತಾನೆ.

2024ರ ಜುಲೈ 30ರ ಬೆಳಗ್ಗೆ, ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ನಡುರಾತ್ರಿ ಕಳೆದ ಮೇಲೆ ಬೆಟ್ಟ ಕುಸಿದು ಕೆಲವೇ ಗಂಟೆಗಳಾಗಿದ್ದ ಹೊತ್ತಿನಲ್ಲಿ, ಹೊಳೆನರಸೀಪುರದ ಬಸ್ ನಿಲ್ದಾಣದ ಬಳಿಯ ಒಂದು ಹೋಟೆಲಿನಲ್ಲಿ ಕಂಡುದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಗೋಡೆಯ ಮೇಲಿನ ಟಿ.ವಿ.ಯಲ್ಲಿ ಕೆಂಪು ಕೆಸರು, ಕೆಸರಿನ ನಡುವೆ ಮಹಡಿಯಷ್ಟೇ ಉಳಿದ ಮನೆ, ಬಂಡೆಗಳ ಮೇಲೆ ಹಗ್ಗ ಹಿಡಿದು ಹೋಗುವ ಮನುಷ್ಯರು. ಬೈಟು ಕಾಫಿ ತೆಗೆದುಕೊಂಡವರು ಕುಡಿಯುವುದನ್ನು ಬಿಟ್ಟು ನಿಂತಿದ್ದರು. ‘ಅಯ್ಯೋ ಶಿವ್ನೇ, ಮಲ್ಗಿದ್ದೋರು ಮಲ್ಗಿದ್ದಂಗೇ ಹೋದ್ರಲ್ಲಪ್ಪ’ ಎಂದು ಸಂತೆಚೀಲ ಹಿಡಿದಿದ್ದ ಹಿರಿಯ ಹೆಂಗಸೊಬ್ಬರು ಸೆರಗಿನಿಂದ ಕಣ್ಣೊರಸಿಕೊಂಡರು. ಸ್ವಲ್ಪ ಹೊತ್ತು ಕಳೆಯಿತು. ‘ಅದ್ನೇ ತಿರ್ಗ ತಿರ್ಗ ಹಾಕ್ತಾವ್ರೆ, ಬೇರೆ ಚಾನೆಲ್ ಹಾಕಣ್ಣ, ಹೊಸ್ದೇನಾರ ಬಂದೈತಾ ನೋಡಣ’ ಎಂದು ಒಬ್ಬ ಹುಡುಗ ಮಾಲೀಕನಿಗೆ ಹೇಳಿದ. ಅವನು ಕೆಟ್ಟವನಲ್ಲ; ಆ ಹೆಂಗಸಿನಷ್ಟೇ ಅವನೂ ಮರುಗಿದ್ದವನು; ಆದರೆ ದೃಶ್ಯವು ಹಳೆಯದಾದೊಡನೆ ಮರುಕವೂ ಹಳೆಯದಾಗುವುದು ಪರದೆಯ ಗುಣವೇ ಹೊರತು ಅವನ ದೋಷವಲ್ಲ. ಮೂಲೆಯಲ್ಲಿ ಕುಳಿತಿದ್ದ ರೈತರೊಬ್ಬರು ಆಗ ಅಣೆಕಟ್ಟೆಯ ನೀರಿನ ಬಗೆಗೆ ಒಂದು ಪ್ರಶ್ನೆ ಕೇಳಿದರು: ‘ಅದಿರ್ಲಿ, ಗೊರೂರಿಂದ ಇವತ್ತು ಎಷ್ಟು ಬಿಟ್ಟವ್ರಂತೆ?’ ಅಲ್ಲಿದ್ದ ಯಾರಿಗೂ ಅದು ಗೊತ್ತಿರಲಿಲ್ಲ. ವಯನಾಡಿನಲ್ಲಿ ಆಗ ಏನಾಗುತ್ತಿತ್ತೆಂಬುದು ಎಲ್ಲರಿಗೂ ಗೊತ್ತಿತ್ತು.

ಕ್ಯಾಮೆರಾ ಎಲ್ಲವನ್ನೂ ತೋರಿಸುತ್ತದೆಂಬುದು ಒಂದು ಭ್ರಮೆ. ಅದೇ ಜುಲೈ ತಿಂಗಳ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ, ರಸ್ತೆಯ ಅಗಲೀಕರಣಕ್ಕಾಗಿ ಬುಡ ಕಡಿಸಿಕೊಂಡು ನಿಂತಿದ್ದುದು, ಮಳೆಗೆ ಸಡಿಲಗೊಂಡು ರಸ್ತೆಯನ್ನು ಮುಚ್ಚಿ ರಸ್ತೆಬದಿಯ ಹೋಟೆಲನ್ನು ಗಂಗಾವಳಿ ನದಿಗೆ ನೂಕಿತು. ಕೋಳಿಕ್ಕೋಡಿನ ಲಾರಿ ಚಾಲಕನೊಬ್ಬನನ್ನು ಹುಡುಕುವ ಕಾರ್ಯವನ್ನು ಮಲೆಯಾಳದ ಸುದ್ದಿವಾಹಿನಿಗಳು ಹಗಲಿರುಳೂ ತೋರಿಸಿದುವು. ಆತನ ದೇಹ ಲಾರಿಯೊಡನೆ ದೊರೆತುದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರ್ 25ರಂದು. ಆ ಬಡ ಸಂಸಾರದ ಕಾಯುವಿಕೆಗೆ ಮರುಗದವರಿಲ್ಲ. ಆದರೆ ಗುಡ್ಡದ ಮಣ್ಣು ಬಿದ್ದ ಹೊಡೆತಕ್ಕೆ ನದಿಯ ನೀರು ಎದ್ದು ಆಚೆಯ ದಡದ ಉಳುವರೆಯ ಮನೆಗಳ ಮೇಲೆ ಬಿದ್ದುದನ್ನೂ, ಕಾಣೆಯಾದವರಲ್ಲಿ ಅದೇ ಸೀಮೆಯ ಬಡವರೂ ಇದ್ದುದನ್ನೂ ಎಷ್ಟು ಜನ ಅರಿತರು? ಕ್ಯಾಮೆರಾದ ಕಣ್ಣು ಬಿದ್ದವನಿಗೆ ಲೋಕವೇ ಬಂಧು, ಬೀಳದವನಿಗೆ ತಹಸೀಲ್ದಾರರ ಕಚೇರಿಯೊಂದೇ ಗತಿ.

ಅಷ್ಟಕ್ಕೇ ಮುಗಿಯಲಿಲ್ಲ. ಹುಡುಕಾಟ ನಿಧಾನವಾಯಿತೆಂದು ಅತ್ತಲಿಂದ ಕರ್ನಾಟಕದವರನ್ನು ಬೈದರು, ಇತ್ತಲಿಂದ ನಮ್ಮವರು ತಿರುಗಿ ಬೈದರು. ನೋಡುವವರ ನಡುವೆ ಭಾಷೆಯ ಜಗಳವೊಂದು ಹತ್ತಿಕೊಂಡು, ಸತ್ತವರು ಅದರ ನೆಪವಾಗಿ ಉಳಿದರು. ಅದಾದ ಎರಡೇ ವಾರಗಳಲ್ಲಿ ವಯನಾಡಿನ ಬೆಟ್ಟ ಕುಸಿಯಿತು. ಆಗ ಅಲ್ಲಿ ಕೊಚ್ಚಿಹೋಗಿದ್ದ ಸೇತುವೆಯ ಜಾಗದಲ್ಲಿ 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ರೊಳಗೆ ನಿಲ್ಲಿಸಿದವರು, ಬೆಂಗಳೂರಿನಲ್ಲಿ ಕೇಂದ್ರವುಳ್ಳ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು; ಅವರ ಮುಂದೆ ನಿಂತು ಕೆಲಸ ಮಾಡಿಸಿದವರು ಮಹಾರಾಷ್ಟ್ರದ ಮೇಜರ್ ಸೀತಾ ಶೆಳ್ಕೆ. ನಮ್ಮ ಸರ್ಕಾರ ಅಲ್ಲಿಯ ನಿರಾಶ್ರಿತರಿಗಾಗಿ ನೂರು ಮನೆಗಳ ವಾಗ್ದಾನ ಮಾಡಿತು. ಕೂಲಿಗಾಗಿ ಗಡಿ ದಾಟಿ ಹೋಗಿ ಆ ಕೆಸರಿನಲ್ಲಿ ಸತ್ತವರಲ್ಲಿ ಚಾಮರಾಜನಗರ, ಮಂಡ್ಯ ಜಿಲ್ಲೆಗಳವರೂ ಇದ್ದರು. ಬೈಗುಳಕ್ಕೆ ಇದ್ದ ಗಡಿ ದುಡಿಮೆಗೂ ಇರಲಿಲ್ಲ, ಮೃತ್ಯುವಿಗೂ ಇರಲಿಲ್ಲ.

ಕೊಡುವವರ ಕೈಯೂ ನೋಟಕ್ಕೆ ವಶವಾಗಿ ದಾರಿ ತಪ್ಪುವುದುಂಟು. 2004ರ ಸುನಾಮಿಯ ತರುವಾಯ ನಾಗಪಟ್ಟಣದ ರಸ್ತೆಗಳ ಪಕ್ಕದಲ್ಲಿ ದೇಶದ ಮೂಲೆಮೂಲೆಗಳಿಂದ ಬಂದ ಹಳೆಯ ಬಟ್ಟೆ ಯಾರಿಗೂ ಬೇಡವಾಗಿ ರಾಶಿರಾಶಿಯಾಗಿ ಬಿದ್ದಿತ್ತು. ಕಳುಹಿಸಿದವರ ಮನಸ್ಸು ಒಳ್ಳೆಯದಿರಬಹುದು. ಆದರೆ ಮನೆಯಲ್ಲಿ ಬೇಡವಾದುದನ್ನು ಕಟ್ಟಿ ಕಳುಹಿಸುವುದು ದಾನವಲ್ಲ, ಮನೆ ಚೊಕ್ಕಟ ಮಾಡಿಕೊಳ್ಳುವ ಉಪಾಯ. ಸಂಕಟದಲ್ಲಿರುವವನಿಗೆ ಏನು ಬೇಕೆಂಬುದನ್ನು ಅವನ ಬಳಿಯಿರುವವರು ಹೇಳಬೇಕು, ದೂರದಲ್ಲಿರುವವನು ಕೇಳಿ ಕೊಡಬೇಕು. ಬಹುಮಟ್ಟಿಗೆ ಅದು ಹಣವೇ ಆಗಿರುತ್ತದೆ, ಮತ್ತು ಅದು ಬೇಕಾಗುವುದು ಕ್ಯಾಮೆರಾಗಳು ಹಿಂತಿರುಗಿದ ಮೇಲೆ, ಮನೆ ಕಟ್ಟುವ, ಮಕ್ಕಳನ್ನು ಮತ್ತೆ ಶಾಲೆಗೆ ಹಚ್ಚುವ, ಸುದ್ದಿಯಿಲ್ಲದ ತಿಂಗಳುಗಳಲ್ಲಿ.

ಇಷ್ಟೆಲ್ಲ ದೂರದವರ ಮಾತಾಯಿತು. ಆ ಹೋಟೆಲಿನ ರೈತರ ಪ್ರಶ್ನೆ ನಮ್ಮನ್ನು ಹತ್ತಿರಕ್ಕೆ ಕರೆಯುತ್ತದೆ. ವಯನಾಡನ್ನು ನಾವು ಕಣ್ಣು ಮಿಟುಕಿಸದೆ ನೋಡುತ್ತಿದ್ದ ಅದೇ ಜುಲೈ 30ರಂದು, ನಮ್ಮದೇ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲೆಯಲ್ಲಿ ಶಿರಾಡಿ ಘಾಟಿಯ ಹೆದ್ದಾರಿಯ ಮೇಲೆ ಗುಡ್ಡ ಜಾರಿ ವಾಹನಗಳು ಮಣ್ಣಿನಲ್ಲಿ ಸಿಕ್ಕಿಕೊಂಡುವು. ಅದಕ್ಕೆ ಕೆಲವೇ ದಿನ ಮೊದಲು ಎಡಕುಮೇರಿ, ಕಡಗರವಳ್ಳಿಗಳ ನಡುವೆ ರೈಲುಹಾದಿಯ ಕೆಳಗಿನ ಮಣ್ಣು ಕುಸಿದು ಮಂಗಳೂರಿನ ಗಾಡಿಗಳು ನಿಂತುಹೋಗಿದ್ದುವು. 2018ರ ಆಗಸ್ಟ್ ತಿಂಗಳಲ್ಲಿ ಮಡಿಕೇರಿಯ ಇಳಿಜಾರಿನಲ್ಲಿ ಮಹಡಿಮನೆಯೊಂದು ಬುಡಸಮೇತ ಜಾರಿ ಹೋಗುವ ಚಿತ್ರವನ್ನು ಮತ್ತೆ ಮತ್ತೆ ನೋಡಿ ನಾವು ಕೊಡಗಿನವರಿಗಾಗಿ ಮರುಗಿದೆವು. ಆದರೆ ಕೊಡಗಿನಲ್ಲಿ ಬಿದ್ದ ಮಳೆ ಕೊಡಗಿನಲ್ಲಿಯೇ ನಿಲ್ಲುವುದಿಲ್ಲ, ಅದು ಕಾವೇರಿಯಾಗಿ ಇಳಿದು ನಮ್ಮ ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹೊಳೆದಂಡೆಯ ಮನೆಗಳಿಗೆ ನುಗ್ಗಿತು. ಮೂಡಿಗೆರೆಯ ಕಡೆಯ ಮಲೆಗಳಲ್ಲಿ ಹುಟ್ಟಿ ಸಕಲೇಶಪುರವನ್ನು ಹಾದು, ಯಗಚಿಯನ್ನು ಕೂಡಿಕೊಂಡು ಗೊರೂರಿನ ಅಣೆಕಟ್ಟೆಯಲ್ಲಿ ನಿಲ್ಲುವ ಹೇಮಾವತಿ, ಅಲ್ಲಿಯ ಮಟ್ಟ 2,922 ಅಡಿ ಮುಟ್ಟಿದ ಮೇಲೆ ಮೊದಲು ಬರುವುದು ಹೊಳೆನರಸೀಪುರದ ಬಾಗಿಲಿಗೆ. ಪರದೆಯು ದೂರದುದನ್ನು ಹತ್ತಿರಕ್ಕೆ ತರುತ್ತದೆಂದು ಹೊಗಳುವವರು, ಹತ್ತಿರದುದನ್ನು ಅದು ಎಷ್ಟು ದೂರಕ್ಕೆ ಒಯ್ಯುತ್ತದೆಂಬುದನ್ನೂ ಗಮನಿಸಬೇಕು.

ನತೋರಿಯ ರಸ್ತೆಯ ಮೇಲಿನ ಕಾರಿನವನಿಗೆ ನಾವು ಕೂಗಿ ಹೇಳಲಾರದೆ ಹೋದೆವು. ಇಲ್ಲಿ ಹಾಗಲ್ಲ. ಧರ್ಮಸ್ಥಳಕ್ಕೋ ಮಂಗಳೂರಿಗೋ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದ ಯಾವನಿಗಾದರೂ, ರಸ್ತೆಗಾಗಿ ಗೋಡೆಯಂತೆ ನೆಟ್ಟಗೆ ಕಡಿದ ಗುಡ್ಡಗಳು, ಅವುಗಳ ನೆತ್ತಿಯ ಮೇಲೆ ಬೇರು ತೋರಿಸಿಕೊಂಡು ನಿಂತ ಮರಗಳು, ಮಳೆಯ ನೀರು ಕೆಂಪಾಗಿ ಇಳಿಯುವ ಸೀಳುಗಳು ಕಾಣುತ್ತವೆ. ಇದು ಬರಲಿರುವ ದುರಂತ. ಇದನ್ನು ಯಾವ ವಾಹಿನಿಯೂ ನೇರಪ್ರಸಾರ ಮಾಡುವುದಿಲ್ಲ. ಆದರೆ ಇಲ್ಲಿ ಮಾತ್ರವೇ ನಮ್ಮ ನೋಟಕ್ಕೆ ಕೂಗುವ ಶಕ್ತಿಯಿದೆ. ಮಾಧವ ಗಾಡ್ಗೀಳ್ ಅವರ ಸಮಿತಿ ಘಟ್ಟಗಳ ಸೂಕ್ಷ್ಮತೆಯ ವಿಷಯದಲ್ಲಿ ತನ್ನ ವರದಿಯನ್ನು ಒಪ್ಪಿಸಿದುದು 2011ರಲ್ಲಿ. ಅದನ್ನು ಸಡಿಲಿಸಿದ ಕಸ್ತೂರಿರಂಗನ್ ಸಮಿತಿಯ ವರದಿ ಬಂದುದು 2013ರಲ್ಲಿ. ಅದರ ಆಧಾರದ ಮೇಲೆ ಕೇಂದ್ರವು ಆರನೆಯ ಸಲ ಕರಡು ಅಧಿಸೂಚನೆಯನ್ನು ಹೊರಡಿಸಿದುದು ವಯನಾಡಿನ ದುರಂತದ ಮರುದಿನ, 2024ರ ಜುಲೈ 31ರಂದು. ಸಕಲೇಶಪುರದ ಹಳ್ಳಿಗಳೂ ಅದರಲ್ಲಿದ್ದುವು. ಎರಡು ತಿಂಗಳು ತುಂಬುವ ಮೊದಲೇ ನಮ್ಮ ರಾಜ್ಯದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ನಿರ್ಣಯ ಮಾಡಿತು. ಮಲೆನಾಡಿನ ಸಣ್ಣ ಬೆಳೆಗಾರನ ಅಂಜಿಕೆ ಸುಳ್ಳಲ್ಲ. ತನ್ನ ತುಂಡು ತೋಟ, ಮನೆಯ ಮುಂದಿನ ರಸ್ತೆ ಯಾವ ಕಾನೂನಿನ ಬಲೆಗೆ ಬೀಳುವುದೋ ಎಂದು ಅವನು ಹೆದರುವುದು ಸಹಜ. ಆ ಅಂಜಿಕೆಗೆ ಉತ್ತರ ಕೊಟ್ಟು ವರದಿಯನ್ನು ತಿದ್ದುವುದು ಒಂದು ದಾರಿ, ಅಂಜಿಕೆಯನ್ನೇ ನೆಪ ಮಾಡಿಕೊಂಡು ವರದಿಯನ್ನು ಬದಿಗಿಡುವುದು ಇನ್ನೊಂದು. ಎರಡನೆಯದು ಸುಲಭವಾಯಿತು, ಏಕೆಂದರೆ ಅಷ್ಟರಲ್ಲಿ ನಾವು ಬೇರೆ ಚಾನೆಲಿಗೆ ಹೋಗಿದ್ದೆವು.

ಹಾಗಾದರೆ ನೋಡುವುದನ್ನೇ ಬಿಡಬೇಕೆ? ಪರರ ದುಃಖವನ್ನು ನೋಡುವುದು ವಿಕಾರವೆಂದು ಹೇಳಿ ಮುಖ ತಿರುಗಿಸುವ ಸಜ್ಜನರಿದ್ದಾರೆ. ಅವರ ಮಾತನ್ನು ಒಪ್ಪಲಾಗದು. ನೋಡದಿದ್ದರೆ ಆ ಹೆಂಗಸು ಕಣ್ಣೊರಸಿಕೊಳ್ಳುತ್ತಿರಲಿಲ್ಲ, ನೂರು ಮನೆಗಳ ಮಾತು ಏಳುತ್ತಿರಲಿಲ್ಲ, ಲಾರಿಯೊಳಗಿನ ಒಬ್ಬನಿಗಾಗಿ ಎರಡು ರಾಜ್ಯಗಳು ಮತ್ತೆ ಮತ್ತೆ ನದಿಯನ್ನು ಜಾಲಾಡುತ್ತಿರಲಿಲ್ಲ. ನೋಟದಲ್ಲಿ ದೋಷವಿಲ್ಲ, ನೋಟವನ್ನೇ ಕರ್ತವ್ಯವೆಂದು ತಿಳಿದು ಅಲ್ಲಿಗೇ ನಿಲ್ಲುವುದರಲ್ಲಿ ದೋಷವಿದೆ.

2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಪ್ರತಿಯೊಂದು ಜಿಲ್ಲೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಒಂದು ಪ್ರಾಧಿಕಾರವಿರಬೇಕು, ಆ ಪ್ರಾಧಿಕಾರಕ್ಕೆ ಒಂದು ಲಿಖಿತ ಯೋಜನೆಯಿರಬೇಕು. ಹಾಸನ ಜಿಲ್ಲೆಯ ಆ ಯೋಜನೆಯಲ್ಲಿ ನಿಮ್ಮ ಊರಿನ ಹೆಸರಿದೆಯೇ, ಕುಸಿಯಬಹುದಾದ ಗುಡ್ಡಗಳ ಪಟ್ಟಿಯಿದೆಯೇ, ಅಣೆಕಟ್ಟೆಯ ಬಾಗಿಲು ತೆರೆಯುವ ಮುನ್ನ ಹೊಳೆದಂಡೆಯ ಕೇರಿಗೆ ಸುದ್ದಿ ಮುಟ್ಟಿಸುವ ಹೊಣೆ ಯಾರದು, ರಾತ್ರಿಯ ಹೊತ್ತು ಜನ ಎಲ್ಲಿಗೆ ಹೋಗಬೇಕು ಎಂಬ ನಾಲ್ಕು ಪ್ರಶ್ನೆಗಳನ್ನು ಮುಂದಿನ ಗ್ರಾಮಸಭೆಯಲ್ಲಿ, ಪುರಸಭೆಯಲ್ಲಿ ಎದ್ದು ನಿಂತು ಕೇಳಿ. ಉತ್ತರ ಬರುವವರೆಗೂ ಕೇಳಿ. ದೂರದವರಿಗೆ ನಿಮ್ಮ ಕೈಲಾದಷ್ಟು ಹಣ ಕಳುಹಿಸಿ, ನಿಜವೆಂದು ತಿಳಿಯದ ಚಿತ್ರವನ್ನು ಯಾರಿಗೂ ಕಳುಹಿಸಬೇಡಿ. ಮುಂದಿನ ಮಳೆಗಾಲ ಬರುವುದರೊಳಗೆ ಮಾಡಬಹುದಾದ ಕೆಲಸ ಇಷ್ಟು, ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.