ಸರದಿಯ ಪೊರಕೆ

ಕೆಲಸದ ಮೇಲೆ ಜಪಾನಿಗೆ ಹೋಗಿಬಂದವರು 1964ರಲ್ಲಿ ಓಡಲಾರಂಭಿಸಿದ ಬುಲೆಟ್ ರೈಲಿನ ವೇಗವನ್ನು ಹೊಗಳುತ್ತಾರೆ. ಟೋಕಿಯೊ ನಿಲ್ದಾಣದಲ್ಲಿ ಬರೀ 7 ನಿಮಿಷದಲ್ಲಿ ಅದರ ಬೋಗಿಗಳನ್ನು ಗುಡಿಸಿ ಒರೆಸುವವರ ಚುರುಕೂ ಅಷ್ಟೇ ಸೋಜಿಗ. ಶುಚಿಯ ಪಾಠ ಅಲ್ಲಿ ಶಾಲೆಯಲ್ಲೇ ಶುರು. ಬಹುತೇಕ ಶಾಲೆಗಳಲ್ಲಿ ಮಕ್ಕಳೇ ತರಗತಿ ಗುಡಿಸುತ್ತಾರೆ, ಸರದಿಯಂತೆ ಮಧ್ಯಾಹ್ನದ ಊಟ ಬಡಿಸುತ್ತಾರೆ. ಡಾಕ್ಟರ ಮಗನಿಗೂ ಅಂಗಡಿಯವನ ಮಗಳಿಗೂ ಒಂದೇ ಪೊರಕೆ.

ಕರ್ನಾಟಕದಲ್ಲಿ ಮಗುವಿನ ಕೈಗೆ ಪೊರಕೆ ಬಂದರೆ ಅಪ್ಪ ಅಮ್ಮ ಕೆರಳುತ್ತಾರೆ. ಅದಕ್ಕೆ ಕಾರಣವೂ ಇದೆ. ಎಷ್ಟೋ ಕಡೆ ಪೊರಕೆ ಸಿಕ್ಕಿದ್ದು ಹುಡುಗಿಯರಿಗೆ, ಇಲ್ಲವೇ ಕೆಲವೇ ಜಾತಿಯ ಮಕ್ಕಳಿಗೆ. ಜಪಾನಿನ ಮಾದರಿ ಬೇಕೆನ್ನುವ ಶಾಲೆಗಳು ಮೊದಲು ಸರದಿಯನ್ನು ತರಲಿ. ಹಾಜರಿ ಪುಸ್ತಕದ ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ, ಮೇಷ್ಟ್ರನ್ನೂ ಸೇರಿಸಿ!