ಕಂತಿನ ವರದಕ್ಷಿಣೆ

"ಹುಡುಗಿ ಕೆಲಸದಲ್ಲಿದ್ದಾಳೆ, ನಮಗೇನೂ ಬೇಡ" ಎಂದರು ಗಂಡಿನ ಕಡೆಯವರು. ಅಪ್ಪ ಕೈಮುಗಿದರು. ಎಂಥ ದೊಡ್ಡ ಮನಸ್ಸು ಎಂದು ಊರು ಹೊಗಳಿತು. ಆ ಮನಸ್ಸಿನ ಅಳತೆ ನನಗೆ ತಿಳಿದದ್ದು ಮದುವೆಯ ನಂತರದ ಮೊದಲ ಸಂಬಳದ ದಿನ.

ನಾನು ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಹಾಡು ರೆಕಾರ್ಡಿಂಗ್ ಮಾಡುವ ಎಂಜಿನಿಯರ್. ಹಾಡುವವರಿಂದ ಮೈಕ್ ಎಷ್ಟು ದೂರವಿರಬೇಕು, ತಬಲದ ಪೆಟ್ಟಿಗೆ ದನಿ ಒಡೆಯದಂತೆ ಮಟ್ಟ ಎಲ್ಲಿಡಬೇಕು, ಕೊಳಲು, ಪಿಟೀಲು, ಕೊರಳು ಒಂದನ್ನೊಂದು ನುಂಗದಂತೆ ಹೇಗೆ ಬೆರೆಸಬೇಕು, ಇದು ನನ್ನ ಕಸುಬು. ಎರಡು ವರ್ಷ ಬರೀ ಕೇಬಲ್ ಸುತ್ತಿ ಕಲಿತೆ. "ಎಂಜಿನಿಯರ್ ಎಲ್ಲಮ್ಮಾ?" ಎಂದು ನನ್ನನ್ನೇ ಕೇಳಿದವರಿದ್ದಾರೆ. ಹೈದರಾಬಾದಿನ ಸಾಜಿದಾ ಖಾನ್ ಅವರನ್ನು ಸಿನಿಮಾದ ಮೊದಲ ಮಹಿಳಾ ಧ್ವನಿ ಎಂಜಿನಿಯರ್ ಎಂದು ರಾಷ್ಟ್ರಪತಿಗಳು ಗೌರವಿಸಿದ್ದು 2018ರಲ್ಲಿ. ಈ ಕುರ್ಚಿಯಲ್ಲಿ ಹೆಂಗಸು ಎಷ್ಟು ಅಪರೂಪ ನೋಡಿ.

ಎಷ್ಟೋ ಹಾಡುಗಳ ಕೆಲಸ ನಡೆಯುವುದು ರಾತ್ರಿ. "ಬಾಗಿಲು ಮುಚ್ಚಿದ ಕೋಣೆಯಲ್ಲಿ ಗಂಡಸರ ಜೊತೆ ಏನು ಕೆಲಸ?" ಎಂದರು ಅತ್ತೆ. ಹೊರಗಿನ ಸದ್ದು ಒಳಗೆ ಬರಬಾರದೆಂದು ಮುಚ್ಚುತ್ತೇವೆ ಎಂದೆ. ಎದುರುತ್ತರ ಕೊಟ್ಟೆನೆಂದು ಗಂಡ ಹೊಡೆದ. ಏಟು ಬಿದ್ದದ್ದು ಕಿವಿಗೆ. ಕಿವಿಯೇ ನನ್ನ ಅನ್ನ. ಮೂರು ದಿನ ಗುಂಯ್‌ಗುಟ್ಟಿತು. ಆ ತಿಂಗಳ ಸಂಬಳವನ್ನು ಮಾತ್ರ ಎಣಿಸಿ ತೆಗೆದುಕೊಂಡ.

ರಾತ್ರಿಯ ಕೆಲಸ ಕೆಟ್ಟದ್ದು, ರಾತ್ರಿ ದುಡಿದ ದುಡ್ಡು ಒಳ್ಳೆಯದು! ಇದು ಯಾವ ಮರ್ಯಾದೆ?

ಹೆಣ್ಣು ದುಡಿದರೆ ವರದಕ್ಷಿಣೆ ತಾನಾಗಿ ಹೋಗುತ್ತದೆ ಎಂದು ವೇದಿಕೆಗಳಲ್ಲಿ ಭಾಷಣ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಅದು ಹೋಗಿಲ್ಲ, ಕಂತಾಗಿದೆ. ಚಪ್ಪರದಡಿ ಒಮ್ಮೆಗೇ ಎಣಿಸಿಕೊಳ್ಳುತ್ತಿದ್ದುದನ್ನು ಈಗ ತಿಂಗಳು ತಿಂಗಳು ಎಣಿಸಿಕೊಳ್ಳುತ್ತಾರೆ. ಸಂಘದ ಸಾಲದ ಕಂತಿಗಾದರೂ ಕೊನೆಯಿದೆ, ಇದಕ್ಕಿಲ್ಲ.

2005ರ ಕೌಟುಂಬಿಕ ಹಿಂಸೆ ಕಾಯ್ದೆ ಹೊಡೆತವನ್ನಷ್ಟೇ ಹಿಂಸೆ ಎನ್ನುವುದಿಲ್ಲ. ಹೆಣ್ಣಿಗೆ ಸೇರಬೇಕಾದ ಹಣವನ್ನು ಕಸಿಯುವುದು, ಅವಳ ಸ್ತ್ರೀಧನವನ್ನು ಮಾರಿಹಾಕುವುದು ಕೂಡ ಆರ್ಥಿಕ ಹಿಂಸೆ. ಹಿಂಸಿಸಿದವನು ಅವಳ ಕೆಲಸದ ಜಾಗಕ್ಕೆ ಕಾಲಿಡದಂತೆ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ನನ್ನ ಗಂಡ ಸ್ಟುಡಿಯೋ ಬಾಗಿಲಲ್ಲಿ ನಿಂತು ಕೂಗಾಡಿದಾಗ ಇದಾವುದೂ ನನಗೆ ಗೊತ್ತಿರಲಿಲ್ಲ. ಸಂಘದ ಅಕ್ಕ ಒಬ್ಬರು ಸಂರಕ್ಷಣಾಧಿಕಾರಿಯ ಬಳಿಗೆ ಕೈಹಿಡಿದು ಕರೆದೊಯ್ದರು. ಇಂದು ನನ್ನ ಸಂಬಳ ನನ್ನ ಖಾತೆಗೇ ಬರುತ್ತದೆ. ರಾತ್ರಿಯ ಹಾಡೂ ನನ್ನದೇ.

ಅಕ್ಕತಂಗಿಯರೇ, "ನಮಗೇನೂ ಬೇಡ" ಎಂದು ಬಂದವರನ್ನು ಕೂರಿಸಿ ಕೇಳಿ: ಇವಳ ಸಂಬಳ ಯಾರ ಕೈಗೆ? ಇವಳ ಕೆಲಸ ಬಿಡಿಸುವುದಿಲ್ಲವಷ್ಟೆ? ಉತ್ತರಕ್ಕೆ ತಡವರಿಸಿದರೆ ತಾಂಬೂಲ ಬದಲಾಯಿಸಬೇಡಿ.