ಪುಸ್ತಕ ಬಾಣಂತಿಗಷ್ಟ ಅಲ್ಲ, ಅಜ್ಜಿಗೂ ಬೇಕು

ಮೊನ್ನೆ ಓಣಿಯೊಳಗ ಅರಿಷಿಣ ಕುಂಕುಮಕ್ಕ ಹೋದಾಗ ಒಬ್ಬ ವಹಿನಿ ತಮ್ಮ ಸೊಸಿ ಬಗ್ಗೆ ಹೇಳ್ಕೋತ ಕೂತಿದ್ರು. "ಕೂಸು ಸೀನಿದ್ರೂ ಪುಸ್ತಕ ತಗೀತಾಳ ನೋಡ್ರಿ. ನಾವೇನು ಪುಸ್ತಕ ನೋಡಿ ಮಕ್ಕಳನ್ನ ಬೆಳಿಸಿದ್ವೇನು?" ಎಲ್ಲಾರೂ ನಕ್ರು, ನಾನೂ ನಕ್ಕೆ. ಮನಿಗೆ ಬಂದ ಮ್ಯಾಲೆ ಯಾಕೋ ಸಮಾಧಾನ ಆಗಲಿಲ್ಲ. ಹೋದ ವರ್ಷ ಇದೇ ಮಾತು ನಾನೂ ಆಡಿದ್ದೆ.

ನನ್ನ ಮಗಳು ಚೊಚ್ಚಲ ಬಾಣಂತನಕ್ಕ ಪುಣೆಯಿಂದ ಬಂದಾಗ ಆಕಿ ಬ್ಯಾಗಿನ್ಯಾಗ ಎರಡು ದಪ್ಪನ ಇಂಗ್ಲಿಷ್ ಪುಸ್ತಕ ಇದ್ವು. ಕೂಸಿನ ಮೊದಲನೇ ವರ್ಷ, ತಿಂಗಳಿಗೊಂದು ಪಾಠ. ನಾ ಆಗಲೇ ಅಂಟಿನ ಉಂಡಿ ಕಟ್ಟಿ, ಕುಂಚಿಗಿ ಹೊಲಿದು, ಹಳೇ ಧೋತರ ಹರದು ಮಡಚಿ ಇಟ್ಟಿದ್ದೆ. ಪುಸ್ತಕ ನೋಡಿ ಸಿಟ್ಟು ಬರಲಿಲ್ಲ. ಸುಳ್ಳ ಯಾಕ ಹೇಳಲಿ, ಅಪಮಾನ ಆದಂಗ ಆತು. ಇಬ್ಬರನ್ನ ಹಡದು ಬೆಳಿಸಿದಾಕಿ ನಾ ಇಲ್ಲೇ ಇರೋವಾಗ ಇದೇನು ಅಂತ.

ಕೂಸಿನ್ನ ತೊಟ್ಟಲದಾಗ ಹಾಕೋ ದಿನ ಮಗಳು ಎಣ್ಣಿ-ನೀರು ಮುಗಿಸಿ ಅಗ್ಗಿಷ್ಟಿಗಿ ಹತ್ರ ಮಲಗಿದ್ಲು. ನಾ ಬಂಗಾರದ ಉಂಗುರಲೆ ಒಂದು ಹನಿ ಜೇನುತುಪ್ಪ ಕೂಸಿನ ನಾಲಿಗಿಗೆ ಮುಟ್ಟಿಸಿದೆ. ನಮ್ಮವ್ವ ನನಗ ಮುಟ್ಟಿಸಿದ್ಲು, ನಾ ನನ್ನ ಮಕ್ಕಳಿಗೆ ಮುಟ್ಟಿಸಿದ್ದೆ. ಮಗಳು ಕಣ್ಣು ತೆರೆದು ನೋಡಿದ್ಲು. "ಅವ್ವಾ, ನಾ ಬ್ಯಾಡ ಅಂತ ಮೊದಲ ಹೇಳಿದ್ದೆ" ಅಂದ್ಲು, ಅಷ್ಟ. ಮುಂದ ಮೂರು ದಿನ ಕೂಸಿನ್ನ ನನ್ನ ಕೈಗೆ ಕೊಡಲಿಲ್ಲ. ಎರಿಲಿಕ್ಕೆ ಬರಾಕಿ ಕೈಯಾಗ ಕೊಡ್ತಿದ್ಲು, ನನ್ನ ಕೈಯಾಗ ಇಲ್ಲ.

ನಾಲ್ಕನೇ ದಿನ ಆಕಿ ಮಲಗಿದಾಗ ನಾನೇ ಪುಸ್ತಕ ತಗದೆ. ನಂದು ಪಿಯುಸಿ ಇಂಗ್ಲಿಷ್, ಒಂದು ಪುಟಕ್ಕ ಅರ್ಧ ತಾಸು ಬೇಕು. ಜೇನುತುಪ್ಪದ ಮಾತು ಸಿಕ್ತು. ಅದರಾಗ ಒಂದು ಥರದ ಕ್ರಿಮಿಯ ಬೀಜ ಇರಬಹುದಂತ. ದೊಡ್ಡವರ ಹೊಟ್ಟಿಗೆ ಅದು ಏನೂ ಮಾಡಂಗಿಲ್ಲ, ಆದ್ರ ವರ್ಷದೊಳಗಿನ ಕೂಸಿನ ಕರುಳಿನ್ಯಾಗ ಬೆಳದು ವಿಷ ಮಾಡ್ತದ. ಕೂಸು ಜೋಲು ಬೀಳ್ತದ, ಹಾಲು ಚೀಪೋದಿಲ್ಲ, ಉಸಿರಿಗೂ ತ್ರಾಸ ಆಗ್ತದ. ಬೊಟುಲಿಸಂ ಅಂತ ಅದರ ಹೆಸರು. ಅಪರೂಪಕ್ಕ ಆಗೋದು, ಆದ್ರ ಆಗ್ತದ. ಕಾಯಿಸಿದ್ರೂ ಮನಿ ಒಲಿ ಮ್ಯಾಲೆ ಆ ಬೀಜ ಸಾಯೋದಿಲ್ಲ.

ನಮ್ಮ ಕೂಸಿಗೆ ಏನೂ ಆಗಲಿಲ್ಲ, ದೇವರ ದಯಾ. ಆದ್ರ "ನಮ್ಮ ಮಕ್ಕಳಿಗೆ ಏನೂ ಆಗಲಿಲ್ಲ" ಅನ್ನೋ ಮಾತು ಯಾರ ಆಡ್ತಾರ ಹೇಳ್ರಿ? ಏನೂ ಆಗದೇ ಇದ್ದವರು. ನಮ್ಮವ್ವ ಹಡದದ್ದು ಏಳು, ಉಳಿದದ್ದು ಐದು. ಎರಡು ಯಾಕ ಹೋದ್ವು ಅಂತ ಆಕಿಗೆ ಯಾರೂ ಹೇಳಲಿಲ್ಲ, ಆಕಿನೂ ಕೇಳಲಿಲ್ಲ. "ದೃಷ್ಟಿ ಆತು" ಅಂತಿದ್ಲು. ಆ ರಾತ್ರಿ ನಂಗ ಆ ಎರಡರದೇ ಧ್ಯಾಸ.

ಅದಕ್ಕ ನಾ ಹೇಳೋದು ಇಷ್ಟ: ಈ ಪುಸ್ತಕ ಬರೆಯೋವ್ರು ಎಲ್ಲಾ ತಾಯಿಗೇ ಬರೀತಾರ. ನಮ್ಮ ಕಡೆ ಮೊದಲ ಮೂರು, ಐದು ತಿಂಗಳು ತಾಯಿ ಕೈಯಾಗ ಏನದ? ಏನು ಕುಡಸಬೇಕು, ಏನು ಹಚ್ಚಬೇಕು ಅಂತ ಹೇಳೋವ್ರು ನಾವು, ಅವ್ವ ಇಲ್ಲಾ ಅತ್ತಿ. ಓದಿದಾಕಿಗೆ ಅಧಿಕಾರ ಇಲ್ಲ, ಅಧಿಕಾರ ಇದ್ದಾಕಿ ಓದಿಲ್ಲ. ಜಗಳ ಇನ್ನೆಲ್ಲಿಂದ ಬರ್ತದ? ಪುಸ್ತಕ ಮೊದಲು ಅಜ್ಜಿ ಓದಬೇಕು. ಅದೂ ಏಳನೇ ತಿಂಗಳದಾಗ, ಕುಬಸದ ಹೊತ್ತಿಗೆ. ಹಡದ ಮ್ಯಾಲೆ ನಿದ್ದಿಗೆಟ್ಟು ಯಾರಿಗೂ ಓದಲಿಕ್ಕೆ ಆಗಂಗಿಲ್ಲ.

ಓದಿದ್ರ ಅರ್ಧಕ್ಕರ್ಧ ನಮ್ಮದೇ ಅದ. ಕೂಸಿನ್ನ ಎದಿಗೆ ಹಚ್ಚಿಕೊಂಡು ಇಟ್ಕೋರಿ, ಎಣ್ಣಿ ಹಚ್ಚಿ ಮೆತ್ತಗ ತಿಕ್ಕಿರಿ, ಮಾತಾಡಸ್ರಿ, ಹಾಡ್ರಿ. ಇದನ್ನ ಓದಿ ನಾ ಒಬ್ಬಾಕಿನೇ ಅಡಗಿಮನ್ಯಾಗ ನಕ್ಕೆ. ನಾವು ಬಿಡಬೇಕಾದದ್ದೂ ಅದ. ಮೊದಲಿನ ಹಳದಿ ಹಾಲು ಹಿಂಡಿ ಚೆಲ್ಲೋದು, ಕಿವಿ ಮೂಗಿನ್ಯಾಗ ಎಣ್ಣಿ ಬಿಡೋದು, ಕಣ್ಣಿಗೆ ಕಾಡಿಗಿ, ಬಾಗಿಲಾ ಹಾಕಿ ಲೋಬಾನದ ಹೊಗಿ. ನೀರಿನ ಮಾತು ನಂಗ ಭಾಳ ಕಠಿಣ ಆತು. ಏಪ್ರಿಲ್ ಬಿಸಲಾಗ ಒಂದು ಚಮಚಾನೂ ನೀರು ಕೊಡಬಾರದಂದ್ರ ಹೆಂಗ? ಆದ್ರ ತಾಯಿ ಹಾಲಿನ್ಯಾಗ ಬಹುಪಾಲು ನೀರೇ ಇರ್ತದ, ಆರು ತಿಂಗಳ ತನಕ ಅದೇ ಸಾಕು. ಕೊಡಲಿಲ್ಲ. ಕೂಸು ಬಾಡಲಿಲ್ಲ.

ಇನ್ನ ಪುಸ್ತಕದ ತಪ್ಪೂ ಹೇಳಬೇಕಲ್ಲ. ಎರಡರಾಗ ಒಂದು ಗಡಿಯಾರದ ಪುಸ್ತಕ. ಮೂರು ತಾಸಿಗೊಮ್ಮೆ ಹಾಲು, ಇಷ್ಟ ನಿಮಿಷ ಈ ಕಡೆ, ಇಷ್ಟ ನಿಮಿಷ ಆ ಕಡೆ. ಮಗಳು ವಹಿ ಇಟ್ಟು ಬರ್ಕೋತಿದ್ಲು. ಕೂಸು ಎರಡನೇ ತಾಸಿಗೇ ಚೀರ್ತಿತ್ತು, ಈಕಿ ಗಡಿಯಾರ ನೋಡ್ಕೋತ ತಾನೂ ಅಳ್ತಿದ್ಲು. "ನನ್ನ ಹಾಲು ಸಾಲವಲ್ದು ಅವ್ವಾ" ಅಂತ ರಾತ್ರಿ ಎರಡಕ್ಕ. ನಾ ಹೇಳಿದೆ, "ನೀ ವಹಿಯೊಳಗ ಉಚ್ಚಿ ಲೆಕ್ಕ ಬರಿಯವ್ವಾ. ದಿನಕ್ಕ ಆರೇಳು ಅರಿವಿ ತೋದ್ರ, ತೂಕ ಏರ್ತಿದ್ರ ಹಾಲು ಸಾಕಾಗೇದ ಅಂತ ತಿಳಿ." ಖರೇ ಅಂದ್ರ ಅದನ್ನ ನಾ ಓದಿದ್ದು ಆಕಿದೇ ಇನ್ನೊಂದು ಪುಸ್ತಕದಾಗ!

ತಿಂಗಳ ಪಾಠಾನೂ ಹಂಗ. ನಾಲ್ಕಕ್ಕ ಬೋರಲ ಬೀಳಬೇಕು ಅಂತ ಓದಿ ಕೂತ್ಲು, ನಮ್ಮ ಕೂಸು ಬಿದ್ದದ್ದು ಐದೂವರಿಗೆ. ಅಂಥಾದ್ದಕ್ಕ ಗಾಬರಿ ಬ್ಯಾಡ. ಹಂಗಂತ ಕೂಸು ಮಾರಿ ನೋಡಲಾರದಿದ್ರ, ಸಪ್ಪಳಕ್ಕ ಬೆಚ್ಚಲಾರದಿದ್ರ, "ನಮ್ಮ ಮನ್ಯಾಗ ಎಲ್ಲಾರೂ ತಡಾನೇ" ಅಂತ ಕೂಡಬ್ಯಾಡ್ರಿ. ಡಾಕ್ಟರಿಗೆ ತೋರಸ್ರಿ.

ಪುಸ್ತಕಕ್ಕೂ ವಯಸ್ಸು ಆಗ್ತದ. ಅಮೆರಿಕಾದ ಡಾ. ಬೆಂಜಮಿನ್ ಸ್ಪಾಕ್ ಅವರ ಪುಸ್ತಕ 1946ರಾಗ ಬಂದು ಕೋಟಿಗಟ್ಟಲೆ ಮಾರಾಟ ಆತು. ಮುಂದ ಅದರಾಗೇ ಕೂಸಿನ್ನ ಬೋರಲ ಮಲಗಸ್ರಿ ಅಂತ ಇತ್ತು. ಬೋರಲ ಮಲಗಿಸಿದ್ರ ನಿದ್ದಿಯೊಳಗ ಕೂಸು ಹೋಗೋ ಭಯ ಹೆಚ್ಚು ಅಂತ ಆಮ್ಯಾಲೆ ತಿಳೀತು. 1990ರ ದಶಕದಿಂದ ಅಂಗಾತ ಮಲಗಸ್ರಿ ಅಂತಾರ. ಇಷ್ಟ ಯಾಕ, 1994ರಾಗ ಈ ಮಗಳನ್ನ ಹಡದಾಗ ನಮ್ಮ ಡಾಕ್ಟರೇ ನಾಲ್ಕು ತಿಂಗಳಿಗೆ ಮೆತ್ತಗಿನ ಅನ್ನ ಶುರು ಮಾಡ್ರಿ ಅಂದಿದ್ರು. ಎಲ್ಲಾ ಕೂಸಿಗೂ ಆರು ತಿಂಗಳ ತನಕ ಬರೇ ತಾಯಿ ಹಾಲು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2001ರಾಗ. ಹಿಂಗಾಗಿ ಪುಸ್ತಕ ಕೊಳ್ಳೋವಾಗ ಒಳಗಿನ ಇಸ್ವಿ ನೋಡ್ರಿ. ಡಾ. ಅನುಪಮಾ ನಿರಂಜನ ಅವರ 'ತಾಯಿ-ಮಗು' ನನಗ ಕುಬಸದಾಗ ಉಡುಗೊರಿ ಬಂದಿತ್ತು, ನಾ ಅದನ್ನ ಅತ್ತಿಯವರಿಗೆ ಕಾಣದಂಗ ಓದ್ತಿದ್ದೆ. ಛಲೋ ಕನ್ನಡ, ಧೈರ್ಯ ಕೊಡ್ತದ. ಆದ್ರ ಔಷಧ, ಲಸಿಕಿ ವಿಷಯ ಅಂದ್ರ ಈಗಿನದ್ದು ನೋಡಬೇಕು. ಅದಕ್ಕ ಸರಕಾರಿ ದವಾಖಾನಿ ತಾಯಿ ಕಾರ್ಡ್ ಅದ. ಯಾವ ತಿಂಗಳಿಗೆ ಯಾವ ಸೂಜಿ, ತೂಕ ಎಷ್ಟ ಇರಬೇಕು, ಎಲ್ಲಾ ಕನ್ನಡದಾಗೇ ಬರದಾರ. ನಾವು ಅದನ್ನ ಸೂಜಿ ಹಾಕಿಸೋ ದಿನ ಅಷ್ಟ ಟ್ರಂಕಿನಿಂದ ತಗೀತೀವಿ.

ಮಗಳು ಹೋಗೋವಾಗ ಗಡಿಯಾರದ ಪುಸ್ತಕ ತಾನು ಒಯ್ಯಲಿಲ್ಲ, ರದ್ದಿಗೆ ಹಾಕು ಅಂದ್ಲು. ಇನ್ನೊಂದನ್ನ ನನಗ ಬಿಟ್ಟು ಹೋಗ್ಯಾಳ. ಆ ವಹಿನಿಗೆ ನಾಳೆ ಒಯ್ದು ಕೊಡಾಕಿ ಇದ್ದೀನಿ, ಸೊಸಿಗೆ ಅಲ್ಲ, ಅವರಿಗೇ. ಮುಂದ ಬೇಕಾದವ್ರು ಅವರ ಕಡಿಂದ ಇಸ್ಕೋರಿ. ಅಂಚಿನ್ಯಾಗ ಪೆನ್ಸಿಲ್‌ಲೆ ಕನ್ನಡದಾಗ ಬರದದ್ದು ನಂದು, ಅಳಸಬ್ಯಾಡ್ರಿ.